ನಾನು ‘ಇಲ್ಲ’ ಎನ್ನಲು ಕಲಿತದ್ದು

ನನ್ನ ಮೇಲೆ ಕೇಸಾಗಿದೆ ಎಂದರೆ ನಮ್ಮ ಶಾಲೆಯ ಮಕ್ಕಳೂ ನಂಬುವುದಿಲ್ಲ. ವಾಡಿಯಲ್ಲಿ ಇಪ್ಪತ್ತು ವರ್ಷ ಗಣಿತ ಕಲಿಸಿದ ಸಂಗಮೇಶ್ವರ ಮಾಸ್ತರ ನಾನು. ಹೆಲ್ಮೆಟ್ ಇಲ್ಲದೆ ಎದುರಿನ ಕಿರಾಣಿ ಅಂಗಡಿಗೂ ಗಾಡಿ ಹೊಡೆಯದವನು (ಕೂದಲಿಲ್ಲದ ತಲೆಗೆ ಅದು ಅನುಕೂಲವೂ ಹೌದು). ಅಂಥವನ ಮೇಲೆ ಹೆಲ್ಮೆಟ್ ಹಾಕದ ಆರೋಪ!

ಆದದ್ದಿಷ್ಟು. ರಾವೂರದಿಂದ ಮರಳುವಾಗ ಹಿಂದೆ ಕೂತ ನನ್ನ ಹೆಂಡತಿ ಲಲಿತಾಬಾಯಿಯ ಕೈಯಲ್ಲಿದ್ದ ಚೀಲ ಹರಿದು ಟೊಮ್ಯಾಟೊ ಹಣ್ಣೆಲ್ಲ ರಸ್ತೆಯ ಮೇಲೆ ಉರುಳಿದವು.

“ಗಾಡಿ ನಿಲ್ಲಸ್ರಿ! ಹೆಲ್ಮೆಟ್ ತೆಗೀರಿ! ಅದ್ರಾಗ ತುಂಬ್ತೀನಿ!”

ನಿಲ್ಲಿಸಿದೆ, ತೆಗೆದೆ, ಅವಳು ತುಂಬಿದಳು. ನಾನು ಎಂಜಿನ್ ಬಂದ್ ಮಾಡಿ, ಗಾಡಿಯ ಮೇಲೆಯೇ ಕೂತು, ಹೆಲ್ಮೆಟನ್ನು ಜೋಳಿಗೆಯಂತೆ ಹಿಡಿದಿದ್ದಾಗ ಪೊಲೀಸ್ ಜೀಪು ಬಂತು. ಲಲಿತಾ ಜಾಲಿಗಿಡದ ಹಿಂದೆ ಕೊನೆಯ ಟೊಮ್ಯಾಟೊ ಹುಡುಕುತ್ತಿದ್ದಳು. ಫೋಟೊ ತೆಗೆದರು. ಫೋಟೊದಲ್ಲಿ ಗಾಡಿ ನಿಂತಿದೆಯೋ ಓಡುತ್ತಿದೆಯೋ ಯಾರು ಬಲ್ಲರು? ತಿಂಗಳೊಳಗೆ ಕೋರ್ಟಿನ ಸಮನ್ಸ್ ಬಂತು.

ನನ್ನ ಹಳೆಯ ವಿದ್ಯಾರ್ಥಿ, ವಕೀಲ ಮುದಸ್ಸಿರ್ ಹೇಳಿದ: “ತಪ್ಪು ಒಪ್ಕೊಂಡ್ರ ದಂಡ ಕಟ್ಟಿ ಅರ್ಧ ತಾಸಿನ್ಯಾಗ ಮನಿಗಿ ಹೋಗ್ತೀರಿ ಸರ್. ಇಲ್ಲಾಂದ್ರ ವಿಚಾರಣಿ, ಸಾಕ್ಷಿ, ಮತ್ತ ಇನ್ನೊಂದು ತಾರೀಖು.”

ನಾನು ಸಮರ ಸಾರಿದೆ. ಮದುವೆಯಾದಾಗಿನಿಂದ ಒಂದು ವಾದವನ್ನೂ ಗೆದ್ದವನಲ್ಲ. ಇದೊಂದನ್ನಾದರೂ ಗೆಲ್ಲಬೇಕಿತ್ತು. ಲಲಿತಾಳಿಗೆ ನನಗಿಂತ ಹುರುಪು.

“ಸಾಕ್ಷಿ ನಾ ಹೇಳ್ತೀನಿ. ಮೊದ್ಲ ನೀವು ತಾಲೀಮು ಮಾಡ್ರಿ” ಎಂದು ಕರಿ ಶಾಲು ಹೊದ್ದು, ಲಟ್ಟಣಿಗೆ ಹಿಡಿದು ನ್ಯಾಯಪೀಠವನ್ನು (ಅಡುಗೆಮನೆಯ ಸ್ಟೂಲು) ಅಲಂಕರಿಸಿದಳು.

“ಆರೋಪಿ, ತಪ್ಪು ಒಪ್ಕೋತೀರೇನು?”

“ಒಪ್ಕೋತೀನಿ. ತಪ್ಪಾಯ್ತು.”

“ಅಯ್ಯ ಶಿವನ! ಇಲ್ಲ ಅನ್ರಿ!”

“ನೀ ಕೇಳಿದ್ರ ಹ್ಯಾಂಗ ಇಲ್ಲ ಅನ್ಲಿ? ರೂಢಿ ಇಲ್ಲ.”

ಆಗ ಆಕೆ ಹೊಸ ವಿಧಾನ ಕಂಡುಹಿಡಿದಳು. ಒಂದು ‘ಇಲ್ಲ’ಕ್ಕೆ ಒಂದು ತುಂಡು ಶೇಂಗಾ ಹೋಳಿಗೆ. ವಿದ್ಯೆ ಹೊಟ್ಟೆಯ ದಾರಿಯಿಂದ ಸರಾಗವಾಗಿ ಇಳಿಯಿತು. ವಾರದೊಳಗೆ ನನ್ನ ಪ್ಯಾಂಟು ಬಿಗಿಯಾಯಿತು, ಹೋಳಿಗೆ ಡಬ್ಬಿಯ ಮುಚ್ಚಳ ಸದ್ದಾದರೆ ಸಾಕು, “ಇಲ್ಲ! ವಿಚಾರಣೆ ಆಗಲಿ!” ಎಂದು ಗರ್ಜಿಸುತ್ತಿದ್ದೆ.

ಆ ದಿನ ಬಂತು. ಜವಾನ “ಸಂಗಮೇಶ್ವರ ತಂದೆ ಗುರುಲಿಂಗಯ್ಯ!” ಎಂದು ಮೂರು ಸಲ ಕೂಗಿದ. ಎದೆಯುಬ್ಬಿಸಿ ಕಟಕಟೆ ಏರಿದೆ. ಹಿಂದೆ ಲಲಿತಾ ಹರಿದ ಚೀಲವನ್ನು ಸಾಕ್ಷ್ಯವಾಗಿ ಹಿಡಿದು ಸಿದ್ಧಳಾಗಿದ್ದಳು. ನ್ಯಾಯಾಧೀಶೆ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಅದರ ಮೇಲಿಂದ ನನ್ನನ್ನು ನೋಡಿದರು. ನಾನು ಒಲೆಯ ಮುಂದೆ ಕಾಯುತ್ತ ಕೂತಾಗಲೂ ಹಾಲು ಉಕ್ಕಿದರೆ ಲಲಿತಾ ನೋಡುವುದು ಥೇಟ್ ಹಾಗೆಯೇ.

“ತಪ್ಪು ಒಪ್ಪಿಕೊಳ್ಳುತ್ತೀರಾ?”

“ತಪ್ಪಾಯ್ತುರಿ. ಇನ್ನೊಮ್ಮೆ ಮಾಡಂಗಿಲ್ರಿ” ಎಂದೆ. ಸಾಲದ್ದಕ್ಕೆ, “ಹಾಲೂ ನಾನ ಒರಸ್ತೀನ್ರಿ” ಎಂದೆ.

ಕೋರ್ಟು ಗೊಳ್ಳೆಂದಿತು. ನ್ಯಾಯಾಧೀಶೆಯೂ ನಗುವಿಗೆ ಕಾಗದ ಅಡ್ಡ ಹಿಡಿದರು. ದಂಡ ಕಟ್ಟಿ, ತಲೆ ತಗ್ಗಿಸಿ ಹೊರಬಂದೆ. ಸಿಡಿಲು ಬೀಳುತ್ತದೆಂದು ಕಾದರೆ, ಲಲಿತಾ ಬೇವಿನ ಮರ ಹಿಡಿದು ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದಳು. ಅವಳ ಮೇಲೆ ನನಗೆ ಅಷ್ಟು ಪ್ರೀತಿ ಎಂದೂ ಬಂದಿರಲಿಲ್ಲ.

“ಹೋಗ್ಲಿ ಬಿಡ್ರಿ. ಟೊಮ್ಯಾಟೊ ನಂದು, ದಂಡ ನಿಮಗ. ಭಾಳ ಸಣ್ಣ ಮುಖ ಮಾಡ್ಬ್ಯಾಡ್ರಿ. ಮನಿಗಿ ಹೋಗಿ ಬಿಸಿಬಿಸಿ ಶೇಂಗಾ ಹೋಳಿಗಿ ಮಾಡ್ಲೇನು, ಮ್ಯಾಲ ತುಪ್ಪ ಹಾಕಿ?”

ಹೋಳಿಗೆ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ನನ್ನ ಬೆನ್ನು ನೆಟ್ಟಗಾಯಿತು, ಕಂಠ ತಾನಾಗಿ ತೆರೆಯಿತು.

“ಇಲ್ಲ! ವಿಚಾರಣೆ ಆಗಲಿ!”

ಒಳಗಿದ್ದ ಜವಾನನೂ ಇಣುಕಿ ನೋಡಿದ. ಲಲಿತಾ ನಗು ನಿಲ್ಲಿಸಿ, ಸೆರಗು ಸರಿಮಾಡಿಕೊಂಡು ಗಾಡಿ ಏರಿದಳು.

“ಆಗ್ಲಿರಿ” ಎಂದಳು. “ಹೋಳಿಗಿ ಕೇಸಿನ ಮುಂದಿನ ತಾರೀಖು ಯುಗಾದಿಗಿ.”