ಮೀನಿನ ಉಪ್ಪು, ನನ್ನ ಸಾರು

ಚಿಂತೆ ಮಾಡಲು ನನಗೆ ಕಾರಣ ಬೇಕೆಂದೇನೂ ಇಲ್ಲ. ಕಾರಣವಿದ್ದರೆ ಕೆಲಸ ಸಲೀಸಾಗುತ್ತದೆ, ಅಷ್ಟೆ. ಭದ್ರಾವತಿಗೆ ಹೊರಟ ಬಸ್ಸು ಶಿವಮೊಗ್ಗ ದಾಟುವಷ್ಟರಲ್ಲಿ ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂಬ ಅನುಮಾನ ಹುಟ್ಟಿ, ಇಳಿದು ವಾಪಸು ಬಂದು, ಆಫ್ ಆಗಿರುವುದನ್ನು ಕಂಡು, ಯಾವುದಕ್ಕೂ ಇರಲೆಂದು ಒಮ್ಮೆ ತಿರುಗಿಸಿ ನೋಡಿ, ಹಾಗೆ ತಿರುಗಿಸಿದ್ದರಿಂದ ಈಗ ಸರಿಯಾಗಿ ಆಫ್ ಆಗಿದೆಯೋ ಇಲ್ಲವೋ ಎಂದು ಮುಂದಿನ ಬಸ್ಸಿನಲ್ಲಿ ಕೊರಗಿದವನು ನಾನು. ನಲವತ್ತೈದು ದಾಟಿದ ಮೇಲೆ ಬಿ.ಪಿ. ಬಂದದ್ದರಲ್ಲಿ ಆಶ್ಚರ್ಯವಿಲ್ಲ. ವಿನೋಬನಗರದ ನಮ್ಮ ಡಾಕ್ಟರು ಎರಡು ಮಾತು ಹೇಳಿದರು. ಉಪ್ಪು ಕಡಿಮೆ ಮಾಡಿ. ಮನೆಯಲ್ಲೊಂದು ಮೀನು ಸಾಕಿ, ದಿನಾ ಕೂತು ನೋಡಿ, ಮನಸ್ಸು ತಣ್ಣಗಾಗುತ್ತದೆ. ಮೊದಲನೆಯದನ್ನು ನನ್ನ ಹೆಂಡತಿ ಗಿರಿಜಾ ಅಂದು ಸಂಜೆಯೇ ಜಾರಿಗೆ ತಂದಳು: ಅವಳಿಗೂ ಮಕ್ಕಳಿಗೂ ದೊಡ್ಡ ಪಾತ್ರೆಯಲ್ಲಿ ಸಾರು, ನನಗೊಂದು ಪುಟ್ಟ ಪಾತ್ರೆಯಲ್ಲಿ ಉಪ್ಪಿಲ್ಲದ ಸಾರು. ಎರಡನೆಯದನ್ನು ಅವಳ ತಮ್ಮ ಮಹೇಶ ತಲೆಯ ಮೇಲೆ ಹೊತ್ತುಕೊಂಡ.

ಮಹೇಶ ಭದ್ರಾವತಿಯಲ್ಲಿ ಕಾರ್ಖಾನೆಯ ನೌಕರ. ಯಾವ ಕೆಲಸವನ್ನೂ ಸಣ್ಣದಾಗಿ ಮಾಡಿ ಗೊತ್ತಿಲ್ಲ. "ಗೋಲ್ಡ್ ಫಿಶ್ ಎಲ್ಲರ ಮನೇಲೂ ಇರುತ್ತೆ ಭಾವ. ನಿಮಗೆ ಸಮುದ್ರದ ಮೀನೇ ತರ್ತೀನಿ" ಎಂದವನು, ಜೊತೆಯಲ್ಲಿ ಕೆಲಸ ಮಾಡುವ ತಮಿಳರೊಬ್ಬರನ್ನು ಹಿಡಿದು ಮದ್ರಾಸಿನಿಂದ ಥರ್ಮೋಕೋಲ್ ಡಬ್ಬದಲ್ಲಿ ಒಂದು ಸರ್ಜನ್ ಮೀನು ತರಿಸಿ, ನಮ್ಮ ಪಡಸಾಲೆಯಲ್ಲಿ ಗಾಜಿನ ಟ್ಯಾಂಕಿಟ್ಟು ಅದರೊಳಗೆ ಬಿಟ್ಟ. ಅಂಗೈಯಗಲ, ಕಡುನೀಲಿ ಮೈ, ಹಳದಿ ಬಾಲ. ಬಾಲದ ಬುಡದಲ್ಲಿ ಎರಡು ಕಡೆಗೂ ಆಪರೇಷನ್ ಚಾಕುವಿನಂಥ ಮುಳ್ಳು. ಅದಕ್ಕೇ ಆ ಹೆಸರು. ಒಬ್ಬ ಡಾಕ್ಟರಿಗೆ ಹೆದರಿ ಮನೆಯೊಳಗೆ ಇನ್ನೊಬ್ಬನನ್ನು ಇಟ್ಟುಕೊಂಡಂತಾಯಿತಲ್ಲ ಎಂದು ನನ್ನ ಚಿಂತೆ ಅಲ್ಲಿಂದಲೇ ಶುರುವಾಯಿತು.

ಗಿರಿಜಾಳ ತಕರಾರು ಬೇರೆ. ಲಿಂಗ ಕಟ್ಟಿಕೊಂಡವರ ಪಡಸಾಲೆಯಲ್ಲಿ ಮೀನಿಟ್ಟರೆ ಬಂದವರು ಏನಂದುಕೊಂಡಾರು? ಬರೀ ನೋಡುವುದಕ್ಕೆ ಎಂದರೆ ನಂಬುವವರು ಯಾರು? ಇದು ತಿನ್ನುವುದಾದರೂ ಏನನ್ನು ಎಂದು ತಮ್ಮನಿಗೆ ಪಾಟೀಸವಾಲು ಹಾಕಿದಳು. ಸಮುದ್ರದಲ್ಲಿ ಪಾಚಿ ಮೇಯುತ್ತದೆ, ಮನೆಯಲ್ಲಿ ಸೊಪ್ಪು ಕೊಟ್ಟರೂ ಆದೀತು ಎಂದ ಅವನು. ಬಾಡಿಸಿದ ಪಾಲಕ್ ಎಲೆಯೊಂದನ್ನು ಗಾಜಿಗೆ ಸಿಕ್ಕಿಸಿದಾಗ ಮೀನು ಕರುವಿನ ಹಾಗೆ ಮೇಯ್ದದ್ದನ್ನು ಕಣ್ಣಾರೆ ಕಂಡು, "ಹಾಗಾದ್ರೆ ನಮ್ಮೋರೇ ಬಿಡಿ" ಅಂದಳು. ಅಂದಿನಿಂದ ತಂದ ಸೊಪ್ಪಿನಲ್ಲಿ ಎಳೆಯದು ಮೀನಿಗೆ, ಬಲಿತದ್ದು ನಮಗೆ.

ನಮ್ಮೂರಿನಲ್ಲಿ ತುಂಗೆ ಇದ್ದಾಳೆ, ಸಮುದ್ರವಿಲ್ಲ. ಸಮುದ್ರದ ಮೀನಿಗೆಂದೇ ಬೆಂಗಳೂರಿನಿಂದ ಬರುವ ಉಪ್ಪನ್ನು ನೀರಿಗೆ ಕಲಸಿ ಸಮುದ್ರ ಮಾಡಿಕೊಳ್ಳಬೇಕು. ಉಪ್ಪು ಎಷ್ಟಿದೆಯೆಂದು ತೋರಿಸಲು ನೀರಲ್ಲಿ ತೇಲುವ ಗಾಜಿನ ಕೊಳವೆಯೊಂದಿತ್ತು. ಅದನ್ನು ನಾನು ಎಷ್ಟು ಸಲ ಅದ್ದಿ, ಎತ್ತಿ, ಒರೆಸಿ ಇಟ್ಟೆನೆಂದರೆ ಸ್ವಲ್ಪ ದಿನದಲ್ಲೇ ಕೈಜಾರಿ ಒಡೆಯಿತು. ಇನ್ನೊಂದು ತರಿಸುತ್ತೇನೆಂಬ ಮಹೇಶನ ಮಾತು ಭದ್ರಾವತಿಯಿಂದ ಹೊರಟಿದೆ, ಇನ್ನೂ ಬಂದು ಮುಟ್ಟಿಲ್ಲ. ಬೇಸಿಗೆ ಬೇರೆ. ಟ್ಯಾಂಕಿನ ನೀರು ದಿನಾ ಒಂದಿಷ್ಟು ಇಳಿಯುತ್ತಿತ್ತು. ಇಳಿದಷ್ಟಕ್ಕೂ ಅಳತೆಯ ಪ್ರಕಾರ ಉಪ್ಪುನೀರು ಕಲಸಿ ತಪ್ಪದೆ ತುಂಬುತ್ತಿದ್ದೆ. ಸಪ್ಪೆ ಊಟದ ಸಂಕಟ ನನಗೆ ಗೊತ್ತಲ್ಲ. ಇನ್ನೊಂದು ಜೀವಕ್ಕೆ ಅದು ಬರಬಾರದೆಂದು ಅಳತೆಯ ಮೇಲೆ ಒಂದು ಚಿಟಿಕೆ ಜಾಸ್ತಿಯೇ.

ಬರಬರುತ್ತ ಮೀನು ಸೊಪ್ಪು ಮುಟ್ಟುವುದನ್ನು ಬಿಟ್ಟಿತು. ಬಣ್ಣ ಮಾಸಿತು. ಮೂಲೆಯಲ್ಲಿ ನಿಂತು ಬೇಗಬೇಗ ಉಸಿರೆಳೆಯತೊಡಗಿತು. ನನ್ನ ಉಸಿರೂ ಅದೇ ತಾಳಕ್ಕೆ ಬಿತ್ತು. ಆಫೀಸಿನಿಂದ ಮನೆಗೆ ಫೋನು ಮಾಡಿ ಜೀವ ಇದೆಯಾ ಎಂದು ಕೇಳುತ್ತಿದ್ದೆ. ಗಿರಿಜಾ ಶುರುವಿನಲ್ಲಿ "ಯಾರದ್ದು?" ಎಂದಾದರೂ ಕೇಳುತ್ತಿದ್ದಳು, ಆಮೇಲೆ "ಇದೆ" ಎಂದಷ್ಟೇ ಹೇಳಿ ಇಟ್ಟುಬಿಡುತ್ತಿದ್ದಳು. ಮಹೇಶನನ್ನು ಕೇಳಿದರೆ ದೃಷ್ಟಿಯಾಗಿರಬೇಕು ಎಂದ. ಡಾಕ್ಟರು ಬಿ.ಪಿ. ನೋಡಿ, ಮೀನು ಸಾಕಿದ್ದೀರಾ ಎಂದು ವಿಚಾರಿಸಿದರು. ಸಾಕಿದ್ದೇನೆ, ಅದಕ್ಕೇ ಹೀಗೆ ಎಂದೆ. ಅವರಿಗೆ ಅರ್ಥವಾಗಲಿಲ್ಲ. ಗುಳಿಗೆ ಹೆಚ್ಚಿಸಿದರು.

ಒಂದು ಭಾನುವಾರ ಮಧ್ಯಾಹ್ನ ಗಿರಿಜಾ ಮಕ್ಕಳನ್ನು ಕರೆದುಕೊಂಡು ಹೊಸಮನೆ ಬಡಾವಣೆಯಲ್ಲಿರುವ ಅಕ್ಕನ ಮನೆಗೆ ಹೋಗಿದ್ದಳು. ಸಾಯುತ್ತಿರುವ ಮೀನಿನ ಮುಂದೆ ಒಬ್ಬನೇ ಕೂರಲಾರದೆ ಅಡುಗೆಮನೆಗೆ ಹೋದೆ. ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ಹುರುಳಿಕಾಳಿನ ಸಾರು. ಇದನ್ನು ನಮ್ಮಲ್ಲಿ ಮಾಡಿದ ದಿನವೇ ಮುಗಿಸುವುದಿಲ್ಲ; ದಿನಾ ಕುದಿಸಿ ಬತ್ತಿಸುತ್ತಾರೆ, ಗಟ್ಟಿಯಾದಷ್ಟೂ ಅದಕ್ಕೆ ಗಿರಾಕಿ ಹೆಚ್ಚು. ಒಂದು ಸೌಟು ಎತ್ತಿ ಬಾಯಿಗಿಟ್ಟೆ. ಸ್ವರ್ಗ. ಆದರೆ ಉಪ್ಪು ಜೋರು. ಶುಕ್ರವಾರ ಇಷ್ಟಿರಲಿಲ್ಲ. ನಡುವೆ ಯಾರೂ ಉಪ್ಪು ಹಾಕಿಲ್ಲ. ನೀರು ಬತ್ತಿದೆ, ಹಾಕಿದ ಉಪ್ಪು ಹಾಕಿದಲ್ಲೇ ಇದೆ.

ಸೌಟು ಹಿಡಿದೇ ಪಡಸಾಲೆಗೆ ಓಡಿದೆ. ಟ್ಯಾಂಕಿನಿಂದ ಆವಿಯಾಗಿ ಹೋದದ್ದು ಬರೀ ನೀರು. ನಾನು ತುಂಬಿದ್ದು ಉಪ್ಪುನೀರು. ಇಷ್ಟು ದಿನ ಆ ಮೀನನ್ನು ಬತ್ತಿದ ಸಾರಿನಲ್ಲಿ ಈಜಿಸಿದ್ದೆ.

ಟ್ಯಾಂಕಿನಿಂದ ಒಂದಿಷ್ಟು ಮೊಗೆದು ಚೆಲ್ಲಿ, ಉಪ್ಪು ಕಲಸಲೆಂದು ಬಕೆಟ್ಟಿನಲ್ಲಿ ತಂಗಲಿಟ್ಟಿದ್ದ ಸಿಹಿನೀರನ್ನು ನಿಧಾನಕ್ಕೆ ಬೆರೆಸುತ್ತಿದ್ದಾಗ ಗಿರಿಜಾ ಬಂದಳು. ನನ್ನ ಒಂದು ಕೈಯಲ್ಲಿ ಚೊಂಬು, ಇನ್ನೊಂದರಲ್ಲಿ ಸೌಟು.

"ಏನ್ರೀ, ಮೀನಿಗೆ ಸಾರು ಬಡಿಸ್ತಿದ್ದೀರಾ?"

ಸಂಭ್ರಮದಲ್ಲಿ ನಾನು ಎಲ್ಲವನ್ನೂ ವಿವರಿಸಿದೆ. ನೀರು, ಆವಿ, ಶುಕ್ರವಾರದ ಉಪ್ಪು, ಭಾನುವಾರದ ಉಪ್ಪು. ಅವಳು ಪೂರ್ತಿ ಕೇಳಿಸಿಕೊಂಡಳು.

"ಅದೆಲ್ಲ ಸರಿ. ಶುಕ್ರವಾರದ ಉಪ್ಪು ನಿಮಗೆ ಹೇಗೆ ಗೊತ್ತು?"

ಸಮಾಧಾನವಾಗಿ, ದಿನಕ್ಕಿಷ್ಟು ಎಂದು ಸಿಹಿನೀರು ಬೆರೆಸುತ್ತ ಹೋದೆವು. ಮೀನು ಮೂಲೆ ಬಿಟ್ಟು ಬಂತು, ಒಂದು ಬೆಳಿಗ್ಗೆ ಎಲೆಯ ಅಂಚನ್ನೂ ಕಚ್ಚಿತು. ಗಿರಿಜಾ ನನ್ನ ಪುಟ್ಟ ಪಾತ್ರೆಯನ್ನು ಅಟ್ಟಕ್ಕೆ ಹಾಕಿದಳು. ಎರಡೆರಡು ಸಾರು ಯಾಕೆ, ಉಪಾಯ ನೀವೇ ಹೇಳಿದಿರಲ್ಲ ಎಂದಳು. ಈಗ ಸಂಜೆ ಮೊದಲು ಟ್ಯಾಂಕಿಗೆ ಸಿಹಿನೀರು ಸುರಿಯುತ್ತಾಳೆ; ಊಟಕ್ಕೆ ಕೂತಾಗ ಅಷ್ಟೇ ಶಾಂತವಾಗಿ, ಮನೆಯ ಸಾರನ್ನು ನನ್ನ ಬಟ್ಟಲಿಗೆ ಬಡಿಸಿ, ಅದರ ಮೇಲೆ ಅರ್ಧ ಚೊಂಬು ಬಿಸಿನೀರು ಸುರಿಯುತ್ತಾಳೆ. ಮೀನಿನ ಬಣ್ಣ ಮರಳಿ ಬಂದಿದೆ. ನನ್ನ ಸಾರಿನದು ಹೋಗಿದೆ.