ಟಾಪ್ ಕೊಯ್ದ ಕಾರು, ನಾಕು ಊರಿನ ರೇಸು

ನಮ್ಮ ತಂಡದವರು ಕಣ್ಣು ತೆರಕೊಂಡು, ದಾರ್‍ಯಾಗ ನಾಕು ಮಂದೀನ ಕೇಳಿಕೊಂಡು ಹೊಂಟರೂ ಬ್ಯಾರೆ ಊರಿಗೇ ಹೋಗಿ ಮುಟ್ಟತಿದ್ವಿ. ಹಿಂಗ್ಯಾಕ ಅಂತ ನನ್ನ ಕೇಳಬ್ಯಾಡ್ರಿ. ನಾ ಎಸೆಸೆಲ್ಸಿ ಪರೀಕ್ಷಾಕ್ಕ ಕುಂತು, ಉತ್ತರಪತ್ರಿಕಿ ಮಡಚಿ ಕಿಸೆದಾಗ ಇಟಗೊಂಡು, ಪ್ರಶ್ನೆಪತ್ರಿಕಿ ಮಾಸ್ತರ ಕೈಯಾಗ ಕೊಟ್ಟು ಬಂದಾವ.

ತಂಡ ಅಂದ್ರ ನಾಕ ಮಂದಿ. ಇಳಕಲ್ಲಿನ ಸೀರಿ ಅಂಗಡಿ ಸಾವ್ಕಾರ್ರ ಮಗ ನಮ್ಮ ಧಣಿ. ಅವಗ ನಾವು ಅಣ್ಣ ಅಂತಿದ್ವಿ. ಕೇಬಲ್ ಟೀವ್ಯಾಗ ಯಾವದೋ ದೇಶದಾಗ ತಾಸುಗಟ್ಟಲೆ ಕಾರು ಓಡಸೂದು ನೋಡಿ ಅವಗ ಹುಚ್ಚು ಹಿಡದಿತ್ತು. ಎರಡನೇದಾವ ಗ್ಯಾರೇಜಿನ ಮಿಸ್ತ್ರಿ. 'ಸ್ಪೋರ್ಟ್ಸ್ ಕಾರಿಗೆ ಮ್ಯಾಲೆ ಏನೂ ಇರೂದಿಲ್ರಿ' ಅಂತ ಅಣ್ಣನ ಹಳೇ ಕಾರಿನ ಟಾಪ್ ಗರಗಸದಿಂದ ಕೊಯ್ದು ಒಗದಾವ ಇವನ. ಮೂರನೇದಾವ ಬಸ್ ಡ್ರೈವರ್ ಕಾಕಾ. ರೇಸಿದ್ದಾಗೆಲ್ಲಾ ರಜಾ ಹಾಕಿ ಬರ್ತಿದ್ದ. ನಾಕನೇದಾವ ನಾ. ಕರೇ ಹಲಗಿ ಮ್ಯಾಲೆ ಸೀಮೆಸುಣ್ಣದಿಂದ ಬರದು, ಓಡಸಾವರಿಗೆ 'ಒಳಗ ಬಾ', 'ಸಾವಕಾಶ' ಅಂತ ತೋರಿಸೂದು ನನ್ನ ಕೆಲಸ.

ಆ ವರ್ಷ ಬಾಗಲಕೋಟಿ, ಹುನಗುಂದ, ಬಾದಾಮಿ, ಇಳಕಲ್ಲಿನ ಗಾಡಿ ಹುಚ್ಚಿನ ಮಂದಿ ಕೂಡಿ ಊರಿಗೊಂದರಂಗ ನಾಕು ರೇಸು ಇಟ್ಟಿದ್ರು. ಜೋರು ಓಡೂದಕ್ಕಿಂತ ಭಾಳೊತ್ತು ಓಡೂದು ಮುಖ್ಯ. ನಡುವ ಡ್ರೈವರ್ ಬದಲಾಗಬೇಕು, ಕಡೀತನಕ ಓಡಿ ಗೆರಿ ದಾಟಬೇಕು.

ಟಾಪ್ ಕೊಯ್ದ ಕಾರಿಗೆ ಸಾವ್ಕಾರ್ರು ಒಂದು ಸುತ್ತು ಹಾಕಿ ನೋಡಿದ್ರು. ಆಮ್ಯಾಲೆ ಅಂದ್ರು: 'ನಾಕರಾಗ ಒಂದಾದ್ರೂ ರೇಸು ಕಡೀತನಕ ಮುಗಸು. ಮುಗಿಸಿದ್ರ ನಾ ಬಾಯಿ ಹಾಕೂದಿಲ್ಲ. ಮುಗಸಲಿಲ್ಲ ಅಂದ್ರ ಗಾಡಿ ಗುಜರಿ ಮೋಡಕಾಕ್ಕ, ನೀ ಅಂಗಡಿ ಗಾದಿಗೆ.'

ಅಣ್ಣ 'ಆತು' ಅಂದ. ಅವತ್ತ ಸಂಜಿಗೇ ಸಾವ್ಕಾರ್ರು ಗಾದಿಗೆ ಹೊಸಾ ಅರಳಿ ತುಂಬಿಸಿದ್ರು.

ವಿದ್ಯಾಗಿರಿಯ ಉಪ್ಪಿಟ್ಟು

ಮೊದಲ ರೇಸು ಬಾಗಲಕೋಟಿ ನವನಗರದಾಗ. ಹಳೇ ಊರಿಗೆ ಹಿನ್ನೀರು ಬರ್ತೈತಿ ಅಂತ ಹೊಸಾ ಊರು ಕಟ್ಟಾಕತ್ತಿದ್ರು. ಮನಿಗಿಂತ ರಸ್ತೆನ ಜಾಸ್ತಿ. ಎಲ್ಲಾ ಅಗಲ, ಎಲ್ಲಾ ನೆಟ್ಟಗ, ಎಲ್ಲಾ ಒಂದ ನಮೂನಿ. ಅಲ್ಲೆ ಮನಿ ಕಟ್ಟಿಸಿದವರೇ ಸಂಜಿಮುಂದ 'ನಮ್ಮನಿ ನೋಡೀರೇನ್ರಿ?' ಅಂತ ಕೇಳಕೋತ ತಿರಗತಿದ್ರು.

ಅಣ್ಣ ಎರಡು ಸುತ್ತು ಛಲೋ ಹೊಡದ. ಮೂರನೇದಕ್ಕ ಸರ್ಕಲ್ಲಿನಾಗ ಎಡಕ್ಕೋ ಬಲಕ್ಕೋ ತಿಳೀಲಿಲ್ಲ. ಮುಂದ ಒಂದು ಬಿಳಿ ಕಾರು ಧೂಳ ಎಬ್ಬಿಸಿಕೋತ ಹೊಂಟಿತ್ತು. ರೇಸಿಂದ ಇರಬೇಕಂತ ಅದರ ಬೆನ್ನಹತ್ತಿದ. ಅಣ್ಣ ಅಷ್ಟ ಧೈರ್ಯದಿಂದ ಹೊಂಟದ್ದು ನೋಡಿ ರೇಸಿನವೇ ಇನ್ನೆರಡು ಕಾರು ಅವನ ಬೆನ್ನಹತ್ತಿದ್ವು.

ಎಷ್ಟೊತ್ತಾದ್ರೂ ಅಣ್ಣ ಬರವಲ್ಲ. ಮಿಸ್ತ್ರಿ ನನ್ನ ಸೈಕಲ್ ಮ್ಯಾಲೆ ಅಟ್ಟಿದ. ಧೂಳದ ಗುರುತು ಹಿಡಕೊಂಡು ಹೋದ್ರ, ಬಾಜೂ ಬಡಾವಣಿ ವಿದ್ಯಾಗಿರ್‍ಯಾಗ ಒಂದು ಮನಿ ಮುಂದ ಆ ಬಿಳಿ ಕಾರು, ಅದರ ಹಿಂದ ನಮ್ಮ ಕಾರು! ಬಾಗಲದಾಗ ಕಾಲಿಗೆ ನೀರಿನ ತಂಬಿಗಿ. ಒಳಗ ಜಮಖಾನಿ ಮ್ಯಾಲೆ ಅಣ್ಣ, ಆಜೂಬಾಜೂ ಆ ಇಬ್ಬರು ಡ್ರೈವರ್. ಮೂವರೂ ತೊಡಿಮ್ಯಾಲೆ ಹೆಲ್ಮೆಟ್ ಇಟಗೊಂಡು ಉಪ್ಪಿಟ್ಟು ತಿನ್ನಾಕತ್ತಾರ.

'ಅಣ್ಣಾ, ಇಲ್ಲೇನ್ ಮಾಡಾಕತ್ತಿ?' ಅಂದೆ.

'ಡ್ರೈವರ್ ಬದಲಿ ಮಾಡೂ ಜಾಗಾ ಇದ ಇರಬೇಕಲೇ. ವ್ಯವಸ್ಥಾ ಭಾಳ ಛಲೋ ಮಾಡ್ಯಾರ' ಅಂದ.

ಎದುರಿಗೆ ಕುಂತಿದ್ದ ಮನಿ ಹಿರ್‍ಯಾರು ಅಣ್ಣನ್ನ ಕೇಳಿದ್ರು: 'ತಮ್ಮಾ, ಉದ್ಯೋಗ ಏನು?'

'ರೇಸ್ ಓಡಸ್ತೇನ್ರಿ.'

'ಅದು ಪರ್ಮನೆಂಟ್ ಏನು?'

ಅಷ್ಟರಾಗ ತಲಿಮ್ಯಾಲೆ ಸೆರಗು ಹೊತ್ತ ಹುಡಿಗಿ ಚಾದ ತಾಟು ಹಿಡಕೊಂಡು ಬಂದ್ಲು. ಬಂದಾಕಿ ನಾಚಿಕೊಂಡು ತಲಿ ಬಗ್ಗಿಸಿದ್ಲು. ಆಗ ನನಗ ತಿಳೀತು. ಆ ಮನ್ಯಾಗ ಅವತ್ತ ಹುಡಿಗಿ ನೋಡೂ ಕಾರ್ಯಕ್ರಮ. ಬಿಳಿ ಕಾರಿನಾಗಿದ್ದಾವ ಖರೇ ವರ. ಹಿಂದ ಹೆಲ್ಮೆಟ್ಟಿನವರು ಸಾಲಾಗಿ ಬಂದು ನಿಂತದ್ದು ನೋಡಿ ಅಂವ ಹೆದರಿ ಗಾಡಿ ಬಿಟ್ಟು ಇಳದಿರಲಿಲ್ಲ.

ನಾ ಕಿವ್ಯಾಗ ಹೇಳಿದ ಮ್ಯಾಲೆ ಅಣ್ಣ ಉಪ್ಪಿಟ್ಟಿನ ಪ್ಲೇಟ್ ಇಟ್ಟು ಕೈಮುಗದು ಎದ್ದ. ದಾರಿ ಬಿಟ್ಟದ್ದಕ್ಕ ಅಂಪೈರ್ ನಮ್ಮನ್ನ ರೇಸಿನಿಂದ ಹೊರಗ ಹಾಕಿದ. ಅದಕ್ಕಿಂತ ಮೊದಲ ಆ ಹಿರ್‍ಯಾರು ಬಾಗಲತನಕ ಬಂದು ಬೈದ್ರು: 'ಒಬ್ಬ ವರ ಬರ್ತಾನಂತ ಹೇಳಿದ್ರು. ಮೂರು ಮಂದಿ ಒಂದ ನಮೂನಿ ಟೊಪಿಗಿ ಹಾಕ್ಕೊಂಡು ಬಂದ್ರ ನಮ್ಮ ಹುಡಿಗಿ ಯಾವನ್ನ ನೋಡಿ ಹೂಂ ಅನ್ನಬೇಕ್ರಿ?'

ಅಮೀನಗಡದ ಅಜ್ಜಿ

ಹುನಗುಂದದಾಗ ಊರ ಹೊರಗಿನ ಎರಿ ಹೊಲದ ಸುತ್ತ ದಾರಿ ಮಾಡಿದ್ರು. 'ಅಣ್ಣಗ ದಾರಿ ಹತ್ತೂದಿಲ್ಲ, ಮೊದಲ ಕಾಕಾ ಓಡಸಲಿ' ಅಂತ ಮಿಸ್ತ್ರಿ ಅಂದ.

ಬಾವುಟ ಬಿತ್ತು. ಎಲ್ಲಾ ಕಾರು ಭರ್ರ್ ಅಂತ ಹೋದ್ವು. ಕಾಕಾ ಮಾತ್ರ ಸ್ಟೇರಿಂಗ್ ಹಿಡಕೊಂಡು ಸುಮ್ಮನ ಕುಂತಾನ. ಅಣ್ಣ ಹೊಯ್ಕೊಂಡ, 'ಕಾಕಾ, ಹೋಗ್ರಿ! ಹೋಗ್ರಿ!' ಕಾಕಾ ಅಲ್ಲಾಡಲಿಲ್ಲ.

ನನಗ ಒಂದು ವಿಚಾರ ಬಂತು. ಬೆರಳು ಬಾಯಾಗ ಇಟಗೊಂಡು ಎರಡು ಸಲ ಸೀಟಿ ಹೊಡದು 'ರೈಟ್ ರೈಟ್!' ಅಂದೆ. ತಗೋ, ಗಾಡಿ ಜಿಗದು ಹೋತು. ಕಂಡಕ್ಟರ್ ಸೀಟಿ ಇಲ್ಲದೇ ಗಾಡಿ ಎತ್ತಿದ ರೂಢಿನ ಇರಲಿಲ್ಲ ಅವಗ.

ಒಂದು ಸುತ್ತು ಬಂತು, ಎರಡು ಬಂತು. ಸುಮ್ಮನಿರಾಕ ನನಗ ಆಗಬೇಕಲ್ಲ? ಒಂದ ಸೀಟಿ ಹೊಡದು ನೋಡಿದೆ. ಕಾಕಾ ಗಕ್ಕನ ಬ್ರೇಕ್ ಹಾಕಿ ನಿಂತ. ಎರಡು ಹೊಡದೆ, ಹೋದ. ಅಣ್ಣ ನನ್ನ ಕಿವಿ ಹಿಂಡಿದ. ಆದ್ರ ಮುಂದಿಂದು ನಂದಲ್ಲ. ಬೇವಿನ ಗಿಡದ ಕೆಳಗ ಒಬ್ಬಾಕಿ ಅಜ್ಜಿ ಬುಟ್ಟಿ ಹೊತ್ತು ನಿಂತಿದ್ಲು. ಕಾರು ಬರೂದು ನೋಡಿ ಕೈ ಮಾಡಿದ್ಲು. ಕೈ ಮಾಡಿದವರನ್ನ ಬಿಟ್ಟು ಹೋಗೂ ಡ್ರೈವರ್ ಅಲ್ಲ ನಮ್ಮ ಕಾಕಾ. ನಿಲ್ಲಿಸಿ, ಬುಟ್ಟಿ ಇಸಗೊಂಡು, ಬಾಜೂ ಸೀಟಿನಾಗ ಕುಂಡ್ರಿಸಿಕೊಂಡ.

ನಮಗ ಅದು ಕಂಡದ್ದು ಅಜ್ಜಿ ಕಾರಿನಾಗ ನಮ್ಮ ಮುಂದ ಹಾದು ಹೋದಾಗ. ಅಂಪೈರ್ ಕಣ್ಣು ತಿಕ್ಕಿಕೊಂಡು ನೋಡಿದ. ನಾ ಹಲಗಿ ಮ್ಯಾಲೆ 'ಅಜ್ಜಿ ಇಳಸು' ಅಂತ ಬರದು ತೋರಿಸಿದೆ. ಕಾಕಾ ಅದನ್ನ ಓದಿ, ಸ್ಟಾಪ್ ಇನ್ನೂ ಬಂದಿಲ್ಲ ಅಂತ ಕೈ ಸನ್ನಿ ಮಾಡಿದ.

ಕಡೀಕೆ ಅಂಪೈರ್ ಅಡ್ಡ ನಿಂತು ಗಾಡಿ ನಿಲ್ಲಿಸಿ, 'ರೇಸಿನಾಗ ಪ್ಯಾಸೆಂಜರ್ ಹತ್ತಿಸೂದಿಲ್ಲ, ನೀವು ಔಟ್' ಅಂದ. ಅಜ್ಜಿ ಅವಗ ಲಕ್ಷ್ಯನೂ ಕೊಡಲಿಲ್ಲ. ಕಾಕಾನ ಕಡೆ ತಿರುಗಿ ಕೇಳಿದ್ಲು:

'ಯಪ್ಪಾ, ಇದ ಬೇವಿನ ಗಿಡ ಎಷ್ಟ ಸಲ ತೋರಸ್ತೀಯೋ? ಅಮೀನಗಡ ಯಾವಾಗ ಬರ್ತೈತಿ?'

ಆರನೇ ಶತಮಾನದ ಗಾಡಿ

ಇನ್ನ ಎರಡ ರೇಸು ಉಳದಿದ್ವು. ಬಾದಾಮ್ಯಾಗ ಮೈಕಿನ್ಯಾಗ ರೇಸಿನ ಸುದ್ದಿ ಹೇಳಾಕ ಒಬ್ಬ ಗೈಡ್‌ನ ಹಿಡದಿದ್ರು. ಕನ್ನಡ, ಹಿಂದಿ, ಇಂಗ್ಲಿಷ್ ಎಲ್ಲಾ ಬರ್ತಿತ್ತು ಅವಗ. ಬರಲಾರದ್ದು ರೇಸೊಂದ. ಕಾರು ಹಾದು ಹೋದಾಗೆಲ್ಲಾ ಗುಡಿ ತೋರಿಸಿದಂಗ ಹೇಳಾವ.

ನಮ್ಮ ಕಾರು ಬಂತು. ಗೈಡ್ ಗಂಟಲು ಸರಿ ಮಾಡಿಕೊಂಡ: 'ಮಹನೀಯರೇ, ಎಡಗಡೆ ಗಮನಿಸಿ. ಇದು ಬಹಳ ಪುರಾತನವಾದದ್ದು. ಆರನೇ ಶತಮಾನ ಇರಬಹುದು. ಇದರ ಮೇಲ್ಭಾಗ ವೈರಿಗಳ ದಾಳಿಯಲ್ಲಿ ನಾಶವಾಗಿದೆ.'

ಮಿಸ್ತ್ರಿಗೆ ಸಿಟ್ಟು ಬಂತು. 'ಯಾವ ವೈರಿಲೇ? ಕೊಯ್ದಾವ ನಾ!'

ಡ್ರೈವರ್ ಬದಲಿ ಮಾಡಾಕ ಕಾಕಾ ಗಾಡಿ ನಾವು ನಿಂತಲ್ಲಿಗೆ ತಂದು ಇಳದ. ಗವಿ ನೋಡಾಕ ಬಂದಿದ್ದ ಪ್ರವಾಸಿ ಮಂದಿ ಆರನೇ ಶತಮಾನದ್ದು ಅಂತ ಕೇಳಿ ಬಂದು ಮುತ್ತಿಗಿ ಹಾಕಿದ್ರು. ನನ್ನ ಕೈಯಾಗ ಹಲಗಿ ಇತ್ತು, ಸೀಮೆಸುಣ್ಣ ಇತ್ತು. 'ಪಾದರಕ್ಷೆಗಳನ್ನು ಹೊರಗೆ ಬಿಡಿ' ಅಂತ ಬರದು ಬಾನೆಟ್‌ಗೆ ಆನಿಸಿಟ್ಟೆ. ಸುಮ್ಮನ ನಗಲಿ ಅಂತ. ಒಬ್ಬರೂ ನಗಲಿಲ್ಲ. ಎಲ್ಲಾರೂ ಸಾಲಾಗಿ ಚಪ್ಪಲಿ ಬಿಟ್ಟು, ಕಾರಿಗೆ ಒಂದು ಸುತ್ತು ಹಾಕಿ, ಕೈಮುಗದು ಹೋದ್ರು.

ಇನ್ನೂ ದೊಡ್ಡ ಗಮ್ಮತ್ತು ಮುಂದ. ಅಣ್ಣ ಅವಸರದಾಗ ಓಡಿ ಬಂದ, ಚಪ್ಪಲಿ ಸಾಲು ನೋಡಿದ, ಹಲಗಿ ಓದಿದ, ತನ್ನ ಬೂಟೂ ಕಳದು ಬಿಟ್ಟು, ಬರಿಗಾಲಿಲೆ ಕಾರು ಹತ್ತಿ ಹೋಗೇಬಿಟ್ಟ.

ಮಟಮಟ ಮಧ್ಯಾಹ್ನ. ಇಂಜಿನ್ ಕಾವಿಗೆ ಕಾಲಡಿಯ ತಗಡು ರೊಟ್ಟಿ ಹಂಚಾಗಿತ್ತು. ಬ್ರೇಕ್ ಒತ್ತಿದ್ರ ಬಲಗಾಲು ಸುಡೂದು, ಕ್ಲಚ್ ಒತ್ತಿದ್ರ ಎಡಗಾಲು. ಅಣ್ಣ ಹೆಂಗೋ ಮಾಡಿ ನಮ್ಮ ಮುಂದತನಕ ಬಂದು ಕಾರು ಬಂದ್ ಮಾಡಿ ಕೆಳಗ ಜಿಗದ. ಜಿಗದದ್ದು ಬಿಸಲಿಗೆ ಕಾದ ಬಂಡೆಗಲ್ಲಿನ ಮ್ಯಾಲೆ. ಒಂದು ಕಾಲು ಮ್ಯಾಲೆತ್ತಿ, ಕೈ ಎರಡೂ ಬೀಸಿ, 'ಅಯ್ಯಯ್ಯಯ್ಯೋ' ಅಂತ ಕುಣಿಯಾಕತ್ತಿದ. ಕಾಲಿಗೆ ಬೊಬ್ಬಿ ಎದ್ದಿದ್ವು, ಆ ರೇಸೂ ಅಲ್ಲಿಗೇ ಮುಗೀತು.

ಮೈಕಿನ್ಯಾಗ ಗೈಡ್ ಅಂದ: 'ಈಗ ಬಲಗಡೆ ಗಮನಿಸಿ. ನಮ್ಮ ಬಾದಾಮಿಯ ಸುಪ್ರಸಿದ್ಧ ನಟರಾಜನ ಭಂಗಿ.'

ಗೆರಿ ಮುಂದಿನ ಆರತಿ

ಕಡೇ ರೇಸು ನಮ್ಮೂರು ಇಳಕಲ್ಲಿನಾಗ. ಇದನ್ನ ಮುಗಸಲಿಲ್ಲ ಅಂದ್ರ ಗಾಡಿ ಮೋಡಕಾಕ್ಕ ಹೋಗೂದು ಖಾತ್ರಿ. ಸಾವ್ಕಾರ್ರು ಇಸ್ತ್ರಿ ಮಾಡಿದ ಧೋತರ ಉಟ್ಟು, ಗೆರಿ ಬಾಜೂಕ ಖುರ್ಚಿ ಹಾಕಿಸಿಕೊಂಡು ಕುಂತಿದ್ರು. ಮೋಡಕಾದಾವನ್ನೂ ಜೋಡಿ ಕರಕೊಂಡು ಬಂದು ಬಾಜೂಕ ಕುಂಡ್ರಿಸಿಕೊಂಡಿದ್ರು.

ಏನ್ ಪುಣ್ಯಾನೋ, ಅವತ್ತ ಎಲ್ಲಾ ಸುರಳೀತ ನಡೀತು. ಕಾಕಾ ಯಾರನ್ನೂ ಹತ್ತಿಸಲಿಲ್ಲ. ಅಣ್ಣ ಬೂಟು ಹಾಕ್ಕೊಂಡಿದ್ದ. ನಡುವ ಸೈಲೆನ್ಸರ್ ಒಂದು ಕಳಚಿ ಬಿತ್ತು. ಕಾರು ಹಿಟ್ಟಿನ ಗಿರಣಿಯಂಗ ಒದರಾಕತ್ತಿತು, ಆದ್ರ ಓಡಾಕತ್ತಿತ್ತು. ಟೈಮ್ ಮುಗದದ್ದಕ್ಕ ಅಂಪೈರ್ ಬಾವುಟ ಎತ್ತಿದ. ಅಣ್ಣ ಕಡೇ ಸುತ್ತು ಮುಗಿಸಿ ದೂರದಾಗ ಬರಾಕತ್ತಿದ್ದ. ಸುಣ್ಣದ ಗೆರಿ ದಾಟಿದ್ರ ಸಾಕು.

ಗೆರಿ ಇನ್ನೊಂದೀಟು ದೂರ ಐತಿ ಅನ್ನೂದ್ರಾಗ ಅಣ್ಣನ ಅವ್ವ, ಚಿಗವ್ವ ಆರತಿ ತಾಟು ಹಿಡಕೊಂಡು ಕಾರಿಗೆ ಅಡ್ಡ ಬಂದು ನಿಂತ್ರು!

ಅಂಪೈರ್ ಓಡಿ ಬಂದ. 'ಯವ್ವಾ, ಗೆರಿ ದಾಟಲಿ ತಡೀರಿ, ಆಮ್ಯಾಲೆ ಬೆಳಗ್ರಿ.'

ಅವ್ವ ಅವನ್ನ ಮ್ಯಾಲಿಂದ ಕೆಳಗ ನೋಡಿದ್ಲು. 'ಯಾವ ಊರಪಾ ನಿಂದು? ಹೊಸ್ತಲಾ ದಾಟೂಕಿಂತ ಮೊದಲ ಆರತಿ ಮಾಡ್ತಾರೋ, ದಾಟಿದ ಮ್ಯಾಲೆ ಮಾಡ್ತಾರೋ?'

ಅಂಪೈರ್ ಬಾವುಟ ಹಿಡಕೊಂಡು ಬಾಜೂಕ ಸರದ. ಅಣ್ಣ 'ಏನಾತು? ಏನಾತು?' ಅಂತ ಒದರತಿದ್ದ. ಸೈಲೆನ್ಸರ್ ಇಲ್ಲದ ಇಂಜಿನ್ ಮುಂದ ಅವನ ಮಾತು ನಮಗ ಕೇಳಲಿಲ್ಲ, ನಮ್ಮದು ಅವಗ ಕೇಳಲಿಲ್ಲ. ಅವ್ವ ಸಾವಕಾಶ ಆರತಿ ಬೆಳಗಿದ್ಲು. ಚಿಗವ್ವ ಹೆಲ್ಮೆಟ್ ಸುತ್ತ ಚೆಂಡು ಹೂವಿನ ಸರ ಬಾಸಿಂಗದಂಗ ಇಳಿಬಿಟ್ಟು ಕಟ್ಟಿದ್ಲು. ಸಾವ್ಕಾರ್ರು ಖುರ್ಚ್ಯಾಗ ಕುಂತಲ್ಲೇ ಅಂದ್ರು, 'ಅವಸರ ಮಾಡಬ್ಯಾಡ್ರಿ, ಎಲ್ಲಾ ಶಾಸ್ತ್ರೋಕ್ತ ಆಗಲಿ.'

ಕಡೀಕೆ ದಾರಿ ಬಿಟ್ರು. ಕಾರು ಜಿಗೀತು. ಗೆರಿ ದಾಟಿತು! ನಾ, ಮಿಸ್ತ್ರಿ, ಕಾಕಾ ಮೂವರೂ ಒಬ್ಬರಿಗೊಬ್ಬರು ತೆಕ್ಕಿ ಬಡಕೊಂಡ್ವಿ. ಸಾವ್ಕಾರ್ರ ಮಾರಿ ಸಪ್ಪಗಾತು. ಮೋಡಕಾದಾವ ಎದ್ದು ಧೂಳ ಝಾಡಿಸಿಕೊಂಡು ಹೋದ.

ಆದ್ರ ಕಾರು ನಿಲ್ಲಲಿಲ್ಲ. ಹೂವಿನ ಸರದ ಸಂದ್ಯಾಗ ಅಣ್ಣಗ ಕೆಳಗಿನ ದಾರಿ ಕಾಣತಿತ್ತು, ಮ್ಯಾಲಿನ ಬಾವುಟ ಕಾಣತಿರಲಿಲ್ಲ. ರೇಸು ಮುಗದದ್ದ ಅವಗ ಗೊತ್ತಿಲ್ಲ! ಉಳಿದ ಕಾರು ಮನಿಗೆ ಹೋದ್ವು, ಶೇಂಗಾ ಮಾರಾವರು ಹೋದ್ರು, ಅಣ್ಣ ಒಬ್ಬನ ಸುತ್ತ ಹೊಡಿಯಾಕತ್ತಾನ. ನಾ ಹಲಗಿ ಎತ್ತಿದೆ, ಕಾಣಲಿಲ್ಲ. ಕಾಕಾ ಕೈ ಮಾಡಿದ, ಕಾಣಲಿಲ್ಲ. ಆ ಕಡೀ ತಿರುವಿನಾಗ ಪೆಟ್ರೋಲ್ ತೀರಿ ಕಾರು ನಿಂತ ಮ್ಯಾಲೇ ಊರಿಗೆ ಕಿವಿ ಬಂತು.

ಅಣ್ಣ ನಡಕೋತ ಬಂದ. ಹೂವಿನ ಸರ ತಲಿಮ್ಯಾಲ ಹಂಗ ಐತಿ. ಸೀದಾ ಬಂದು ಅಪ್ಪನ ಕಾಲಿಗೆ ಬಿದ್ದ. ಅವನ ಕಣ್ಣಾಗ ನೀರು.

'ಅಪ್ಪಾ, ಸೋತೆ. ಇದೂ ಮುಗಸಾಕ ಆಗಲಿಲ್ಲ, ನಡುವ ನಿಂತುಬಿಡ್ತು. ಕೊಟ್ಟ ಮಾತು ಮಾತ. ನಾಳಿಂದ ಅಂಗಡಿಗೆ ಬರ್ತೇನಿ.'

ಸಾವ್ಕಾರ್ರು ಮಗನ ಮಾರಿ ನೋಡಿದ್ರು. ನಮ್ಮ ಮಾರಿ ನೋಡಿದ್ರು. ನಾ 'ಅಣ್ಣಾ, ನೀ...' ಅಂತ ಬಾಯಿ ತೆಗದಿದ್ದೆ, ಅಷ್ಟರಾಗ ಆರತಿ ತಾಟಿನಾಗಿನ ಬೆಲ್ಲದ ಹೆಂಟಿ ನನ್ನ ಬಾಯಾಗ ತುರುಕಿದ್ರು. ಮಗನ ಬೆನ್ನ ಮ್ಯಾಲೆ ಕೈ ಆಡಿಸಿಕೋತ, 'ಇರಲಿ ಬಿಡೋ ತಮ್ಮಾ, ಸೋಲು ಗೆಲುವು ಇದ್ದದ್ದ' ಅಂದ್ರು.

ಅದ ಹೊತ್ತಿಗೆ ಆ ಕಡೆ ಅಂಪೈರ್ ಕೈಯಾಗ ಕಪ್ ಹಿಡಕೊಂಡು, ಮೈಕ್ ಟಕ್ ಟಕ್ ಬಡದು, 'ರೇಸು ಪೂರಾ ಮುಗಿಸಿದವರ ಹೆಸರು...' ಅಂತ ಸುರು ಮಾಡಿದ.

ಸಾವ್ಕಾರ್ರು ಧೋತರ ಎತ್ತಿ ಕಟ್ಟಿ ಓಡಿದ್ರು ನೋಡ್ರಿ. ಅಂಪೈರ್ ಬಾಯಿಂದ ಮುಂದಿನ ಮಾತು ಬರೂಕಿಂತ ಮೊದಲ ಮೈಕಿನ ವೈರ್ ಕಿತ್ತು ಅವರ ಕೈಯಾಗಿತ್ತು. ಇಡೀ ಹಂಗಾಮಿನ್ಯಾಗ ನಮ್ಮ ಕಡೆಯವರು ಯಾರಾದ್ರೂ ಖರೇನ ಜೋರು ಓಡಿದ್ದಂದ್ರ ಅದೊಂದ ಸಲ.