ಸರದಾರನಿಗೆ ಕಟ್ಟಿದ ಬಾಸಿಂಗ

ಆ ವರ್ಷ ವಿಜಾಪುರದ ನೊಣಗಳಿಗೆ ಬೇರೆ ಜಾಗವೇ ಸಿಗಲಿಲ್ಲವೋ ಏನೋ, ಹಿಂಡುಗಟ್ಟಿ ಬಂದು ಟಾಂಗಾ ಶಿವಯೋಗೆಪ್ಪನ ಕುದುರೆಯ ಮುಖದ ಮೇಲೆ ಠಿಕಾಣಿ ಹೂಡಿದ್ದವು. ಬೆಲ್ಲಕ್ಕೆ ಮುತ್ತುವ ಬಡಪಾಯಿ ನೊಣಗಳಲ್ಲ. ರಕ್ತ ಹೀರುವ ದಪ್ಪ ನೊಣಗಳು. ಮೇಲೆ ಏಪ್ರಿಲ್ ತಿಂಗಳ ಬಿಸಿಲು. ಯುದ್ಧದ ಕಾಲವಾದ್ದರಿಂದ ಪೆಟ್ರೋಲಿಲ್ಲದೆ ಮೋಟಾರುಗಳು ಮೂಲೆ ಸೇರಿ, ಸ್ಟೇಶನ್ನಿನಲ್ಲಿ ಇಳಿದವರಿಗೆಲ್ಲ ಟಾಂಗಾವೇ ಬೇಕಾಗಿತ್ತು. ಕುದುರೆ ಸರದಾರ ಮಾತ್ರ ಕಣ್ಣಲ್ಲಿ ನೀರು ಸುರಿಸುತ್ತ, ತಲೆ ಕೊಡವುತ್ತ, ನಡುದಾರಿಯಲ್ಲೇ ನಿಂತುಬಿಡುತ್ತಿದ್ದ.

"ಮಧ್ಯಾಹ್ನದಾಗರ ಅದನ್ನ ನೆರಳಿಗೆ ಕಟ್ರಿ. ಜೀವ ಐತಿ ಅದಕ್ಕೂ" ಎಂದು ಹೆಂಡತಿ ರುದ್ರವ್ವ ಹತ್ತು ಸಲ ಹೇಳಿದ್ದಳು.

"ನೀ ರೊಟ್ಟಿ ಬಡಿ. ಕುದುರಿ ವಿಚಾರ ನನಗ ಬಿಡು" ಎಂದು ಶಿವಯೋಗೆಪ್ಪ ಹತ್ತು ಸಲವೂ ಅಂದಿದ್ದ.

ವಿಚಾರ ಮಾಡಿಯೇ ಮಾಡಿದ. ಹಣೆಯಿಂದ ಕಣ್ಣಿನ ಮೇಲೆ ಎಳೆಗಳು ಇಳಿಬಿದ್ದರೆ, ತಲೆ ಅಲುಗಿದಾಗಲೆಲ್ಲ ನೊಣ ಹಾರಿಹೋಗುತ್ತವೆ. ಎಳೆ ಎಲ್ಲಿಂದ ತರುವುದು ಎಂದು ನಡುಮನೆಯಲ್ಲಿ ಕಣ್ಣಾಡಿಸಿದರೆ, ದೇವರ ಜಗಲಿಯ ಮೇಲೆ ಮೊಳೆಗೆ ತೂಗುತ್ತಿತ್ತು ಅವನದೇ ಮದುವೆಯ ಬಾಸಿಂಗ! ಹನ್ನೆರಡು ವರ್ಷದ ಹಿಂದೆ ಅವನ ಹಣೆಗೆ ಕಟ್ಟಿದ್ದ ಜರಿಯ ಬಾಸಿಂಗ, ಸಾಲಾಗಿ ಇಳಿದ ಮಣಿಸರಗಳ ಸಮೇತ. (ಪ್ರತಿ ಸೋಮವಾರ ರುದ್ರವ್ವ ಅದರ ಧೂಳು ಒರೆಸುತ್ತಿದ್ದಳೆಂಬುದು ಈ ಮಹಾಶಯನಿಗೆ ಗೊತ್ತಿರಲಿಲ್ಲ.) ಅವಳು ನೀರಿಗೆ ಹೋದದ್ದನ್ನು ನೋಡಿ ಬಿಚ್ಚಿಕೊಂಡ, ಸರದಾರನ ಹಣೆಗೆ ಬಿಗಿದ, ಸ್ಟೇಶನ್ನಿನ ದಾರಿ ಹಿಡಿದ. ಉಪಾಯ ಫಲಿಸಿತು. ಒಂದೇ ಒಂದು ನೊಣವೂ ಕಣ್ಣಿನ ಹತ್ತಿರ ಸುಳಿಯಲಿಲ್ಲ.

ಮಧ್ಯಾಹ್ನ ಸುಡುಬಿಸಿಲಲ್ಲಿ ಎರಡು ಸವಾರಿ ಮುಗಿಸಿ ಮನೆಗೆ ಬಂದಾಗ ರುದ್ರವ್ವ ಬಾಗಿಲಲ್ಲೇ ನಿಂತಿದ್ದಳು. ಮೊದಲು ಕುದುರೆಯ ಹಣೆ ನೋಡಿದಳು, ಆಮೇಲೆ ಒಳಗಿನ ಬೋಳು ಮೊಳೆ ನೋಡಿದಳು. ಕೂಗಾಡಲಿಲ್ಲ. ಅಲ್ಲೇ ಅವನು ಹುಷಾರಾಗಬೇಕಿತ್ತು. ಅವಳು ತಲೆಯ ಮೇಲೆ ಸೆರಗೆಳೆದುಕೊಂಡು, ತಂಬಿಗೆಯಲ್ಲಿ ನೀರು ತಂದು, "ಬರ್ರಿ, ಭಾಳ ದಣದೀರಿ, ಕಾಲಿಗೆ ನೀರು ತಗೋರಿ" ಅಂದಳು. ಶಿವಯೋಗೆಪ್ಪ ಉಬ್ಬಿಹೋಗಿ ಕಾಲು ಮುಂದೆ ಚಾಚಿದ.

"ನೀ ಸರಿಯೋ ಶಿವಯೋಗೆಪ್ಪ" ಎಂದು ಅವಳು ನೀರನ್ನು ಕುದುರೆಯ ಕಾಲಿಗೆ ಸುರಿದಳು.

ಶಿವಯೋಗೆಪ್ಪ! ಹನ್ನೆರಡು ವರ್ಷದಲ್ಲಿ ಆ ಹೆಸರು ಅವಳ ಬಾಯಿಂದ ಹೊರಬಿದ್ದಿರಲಿಲ್ಲ. ಜನಗಣತಿಯವರು ಬಂದು ಗಂಡನ ಹೆಸರು ಕೇಳಿದಾಗಲೂ ಎದುರುಮನೆಯ ಆಶಾಬಿಯನ್ನು ಕರೆಸಿ ಹೇಳಿಸಿದ್ದಳು. ಈಗ ಗೋಳಗುಮ್ಮಟದೊಳಗೆ ಕೂಗಿದಂತೆ ಆ ಹೆಸರು ಅವನ ಕಿವಿಯಲ್ಲಿ ಏಳು ಸಲ ಮೊಳಗಿತು.

"ಏನಬೇ, ತಲಿ ಕೆಟ್ಟೈತೇನು? ಗಂಡನ ಹೆಸರು ಹಿಡಿತಿ?"

"ಯಾರ ಹಣಿಮ್ಯಾಗ ಬಾಸಿಂಗ ಐತೋ ಅವ್ರು ನನ್ನ ಗಂಡ. ಕಟ್ಟಿದಾಂವ ನೀನ. ನಾ ಏನು ಮಾಡ್ಲಿ?"

ಅಂದಿನಿಂದ ಮನೆಯಲ್ಲಿ ಹೊಸ ರಾಜ್ಯಭಾರ ಶುರುವಾಯಿತು. "ನಮ್ಮ ಮನಿಯವ್ರು ಹನ್ನೆರಡರಿಂದ ನಾಕರ ತನಕ ಹೊರಗ ಹೋಗಂಗಿಲ್ಲ" ಎಂದು ರುದ್ರವ್ವ ಫರ್ಮಾನು ಹೊರಡಿಸಿದಳು. ಕುದುರೆಯ ಗೋದಲಿಯ ಸುತ್ತ ಒದ್ದೆ ಗೋಣಿತಟ್ಟುಗಳು ತೂಗಿದವು. ಸಂಜೆ ಬೇವಿನ ಸೊಪ್ಪಿನ ಹೊಗೆ, ಮೈಗೆ ತಣ್ಣೀರು, ಹೊತ್ತುಹೊತ್ತಿಗೆ ಉಪ್ಪು ಹಾಕಿದ ನೀರು. ಆ ನೀರನ್ನೆಲ್ಲ ಬಾವಡಿಯ ಮೆಟ್ಟಿಲಿಳಿದು ಹೊತ್ತು ತರುವವನು ಮಾಜಿ ಗಂಡ. ಊಟಕ್ಕೆ ಕೂತರೆ ಅವನ ತಾಟಿಗೆ ಬಿದ್ದದ್ದು ಬೇಯಿಸಿದ ಹುರುಳಿ.

"ಇದು ಕುದುರಿ ತಿನ್ನೂದಲ್ಲ?"

"ಹೌದು. ಮನ್ಯಾಗ ಇಬ್ಬರಿದ್ರಿ. ಅವ್ರು ಗಂಡ ಆದ್ರು, ಉಳದಾಂವ ನೀನ."

ಆಶಾಬಿ ಬೇರೆ ದಿನಾ ಬಾಗಿಲಿಗೆ ಬಂದು, "ರುದ್ರವ್ವಾ, ಮನಿಯವ್ರು ಹೆಂಗದಾರ?" ಎಂದು ಕೇಳುವಳು. "ಈಗರ ಊಟ ಆಗಿ ಅಡ್ಡಾಗ್ಯಾರವಾ, ಸಾವಕಾಶ ಮಾತಾಡು" ಎಂದು ಇವಳು. ಟಾಂಗಾ ಅಡ್ಡೆಯಲ್ಲಿ ಸುದ್ದಿ ಹಬ್ಬಿ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಶಿವಯೋಗೆಪ್ಪನಿಗೆ ನಗು ಬರಲಿಲ್ಲ. ಮನೆಯಲ್ಲಿ ತನ್ನ ಜಾಗವೇ ಹೋಯಿತಲ್ಲ ಎಂದು ಒಳಗೊಳಗೇ ಸಂಕಟವಾಗುತ್ತಿತ್ತು.

ಎಂಟನೇ ದಿನ ಅವನು ಮೇಲಿನ ಕೋರ್ಟಿಗೆ ಹೋಗುವುದೆಂದು ನಿಶ್ಚಯಿಸಿದ. ಮೇಲಿನ ಕೋರ್ಟೆಂದರೆ ಟಿಕೋಟಾದಲ್ಲಿದ್ದ ಅತ್ತೆ ಶಂಕ್ರೆವ್ವ. ಅಳಿಯ ಬಂದನೆಂದರೆ ತಲೆತುಂಬ ಸೆರಗು ಹೊದ್ದು ಬಾಗಿಲ ಹಿಂದೆ ನಿಂತು ಮಾತಾಡುವ ಮರ್ಯಾದಸ್ಥೆ ಆಕೆ. ಮಗಳಿಗೆ ಬುದ್ಧಿ ಹೇಳದೆ ಬಿಟ್ಟಾಳೆಯೇ?

ತವರೆಂದ ಮೇಲೆ ರುದ್ರವ್ವ ಒಲ್ಲೆನೆನ್ನಲಿಲ್ಲ; ಮರುದಿನ ನಸುಕಿನ ತಂಪಿನಲ್ಲಿ ಹೊರಟರು. ತೊರವಿ ದಾಟಿ ಏರು ಬಂದಾಗ ರುದ್ರವ್ವ, "ಇಳಿಯೋ, ಅವ್ರಿಗೆ ಭಾರ ಆಕ್ಕೈತಿ" ಅಂದಳು. ಇಳಿದ. "ಕೈ ಖಾಲಿ ಐತಲ್ಲ, ಗಾಳಿ ಹಾಕು" ಅಂದಳು. ಬೇವಿನ ಟೊಂಗೆ ಮುರಿದುಕೊಂಡು ಸರದಾರನ ಬೆನ್ನಿನ ನೊಣ ಹೊಡೆಯುತ್ತ ಟಿಕೋಟಾದವರೆಗೂ ನಡೆದ. ಅವಳು ಟಾಂಗಾದಲ್ಲಿ ಕೂತು ಎಲೆ ಅಡಿಕೆ ಹಾಕಿಕೊಂಡಳು.

ಅತ್ತೆಯ ಅಂಗಳದಲ್ಲಿ ನಿಂತು ಶಿವಯೋಗೆಪ್ಪ ತನ್ನ ಫಿರ್ಯಾದಿಯನ್ನೆಲ್ಲ ತೋಡಿಕೊಂಡ. "ನೋಡ್ರಿ ಅತ್ತಿ, ಹುರುಳಿ ತಿನ್ನಸ್ಯಾಳ. ಹೆಸರು ಹಿಡದು ಕರಿಯಾಕತ್ತಾಳ. ಇದಕ್ಕ ನೀವ ನ್ಯಾಯ ಹೇಳ್ರಿ."

ಶಂಕ್ರೆವ್ವ ಬಾಗಿಲ ಹಿಂದಿನಿಂದ ಹೊರಗೆ ಬಂದಳು. ಕುದುರೆಯ ಸುತ್ತ ಒಂದು ಸುತ್ತು ಹಾಕಿದಳು. ಎಂಟು ದಿನದ ಆರೈಕೆಗೆ ಸರದಾರನ ಮೈ ಮಿರಿಮಿರಿ ಅನ್ನುತ್ತಿತ್ತು, ಕಣ್ಣು ತಿಳಿಯಾಗಿದ್ದವು. ಮುದುಕಿ ನಿಧಾನವಾಗಿ ತಲೆಯ ಮೇಲೆ ಸೆರಗೆಳೆದುಕೊಂಡಳು. ಕುದುರೆಯ ಎದುರಿಗೆ!

"ಸುಮ್ಮ ಇರತೈತಿ. ಹಾಕಿದ್ದ ತಿಂತೈತಿ. ತಿರುಗಿ ಮಾತಾಡೂದಿಲ್ಲ. ಹನ್ನೆರಡು ವರ್ಷದ ಹಿಂದ ನಾ ಊರೂರು ತಿರುಗಿ ಹುಡುಕಿದ್ದು ಇಂಥಾ ಅಳಿಯನನ್ನ ರುದ್ರವ್ವಾ. ಆವಾಗ ಸಿಗಲಿಲ್ಲ ನೋಡು."

ನಗೆಚಾಟಿಕೆಯೆಂದು ಗೊತ್ತಿದ್ದರೂ ಶಿವಯೋಗೆಪ್ಪನ ಧೈರ್ಯ ಅಲ್ಲಿಗೆ ಕುಸಿಯಿತು. "ತಪ್ಪಾತಬೇ. ನೀ ಹತ್ತು ಸಲ ಹೇಳಿದಿ, ಒಂದು ಸಲನೂ ಕೇಳಲಿಲ್ಲ. ಇನ್ನ ಮ್ಯಾಲ ಮಧ್ಯಾಹ್ನ ಕುದುರಿ ಹೂಡಂಗಿಲ್ಲ. ನನ್ನ ಬಾಸಿಂಗ ನನಗ ಕೊಡ್ಸು" ಎಂದು ಕೈಮುಗಿದ.

ರುದ್ರವ್ವನ ಮುಖ ಅರಳಿತು. "ಕೊಡೂಣು. ಆದ್ರ ಮೊಳಿಗೆ ತೂಗು ಹಾಕಾಕಲ್ಲ, ಹಣಿಗೆ. ಮನಿ ಮುಟ್ಟೂ ತನಕ ಬಿಚ್ಚಂಗಿಲ್ಲ."

"ಮತ್ತ ಸರದಾರನ ಹಣಿಗೆ?"

ಅವಳು ಅವನ ಹೊಸ ರುಮಾಲನ್ನು ದಿಟ್ಟಿಸಿದಳು. ಜೋಳ ಮಾರಿ ತಂದ, ಇನ್ನೂ ಎರಡೇ ಸಲ ಸುತ್ತಿದ್ದ ರುಮಾಲು. ಅತ್ತೆ ಕತ್ತರಿ ತಂದಳು. ಹತ್ತು ನಿಮಿಷದಲ್ಲಿ ಸರದಾರನ ಹಣೆಯಲ್ಲಿ ಎಳೆಎಳೆಯಾದ ರುಮಾಲು, ಶಿವಯೋಗೆಪ್ಪನ ಹಣೆಯಲ್ಲಿ ಬಾಸಿಂಗ.

ಬಿಸಿಲಿಳಿದ ಮೇಲೆ ಹಿಂತಿರುಗಿದರು. ತೊರವಿಯ ಹತ್ತಿರ ಕಟ್ಟೆಯ ಮೇಲೆ ಕೂತಿದ್ದ ಮುದುಕನೊಬ್ಬ ಎದ್ದು ನಿಂತ. ಬಾಸಿಂಗದ ಗಂಡನ್ನೂ, ಹಿಂದೆ ಕೂತ ಹೆಂಗಸನ್ನೂ, ಹಣೆಗೆ ರುಮಾಲು ಕಟ್ಟಿದ ಕುದುರೆಯನ್ನೂ ನೋಡಿ ಕೈಯೆತ್ತಿ ಕೇಳಿದ: "ಏನ ತಮ್ಮಾ, ಈ ವಯಸ್ಸಿನಾಗ ಎರಡನೇ ಮದುವಿ ಏನು?"

ಶಿವಯೋಗೆಪ್ಪ ಮಣಿಸರಗಳ ಹಿಂದೆ ಮುಖ ಮರೆಸಿಕೊಂಡ. ಉತ್ತರ ಹಿಂದಿನಿಂದ ಬಂತು.

"ಎರಡನೇದಲ್ರಿ ಯಪ್ಪಾ. ಮೊದಲನೇದನ್ನ ಇವತ್ತು ಪಕ್ಕಾ ಮಾಡಿಕೊಂಡು ಹೊಂಟಾರ ನಮ್ಮ ಮನಿಯವ್ರು!"